ಚುಚ್ಚಿ ನೋಡುವವರು

ಠಾಣಾ ಕುಶನೂರ
12 ಜೂನ್ 2023

ಸತೀಶಕುಮಾರ ಸರ್ ಅವರಿಗಿ ವಿಶಾಖಾಳ ಜೈಭೀಮ್.

ನನ್ನ ನೆನಪು ಅದನೋ ಇಲ್ಲೋ. ಬಿ.ಎ. ಕೊನೀ ವರ್ಷ ಬೀದರ ಕಾಲೇಜಿನಾಗ ಕಿಡಕಿ ಬಾಜೂಕ ಕೂಡ್ತಿದ್ದ ಔರಾದಿನ ಹುಡುಗಿ ನಾನ್ರಿ. ಈಗ ಇಲ್ಲಿ ಹೈಸ್ಕೂಲಿನಾಗ ಕನ್ನಡ ಕಲಸ್ತೇನಿ. ನಿಮ್ಮ ವಿಳಾಸ ಕಾಲೇಜಿನ ಲೈಬ್ರರಿಯವರು ಕೊಟ್ಟರು. ಫೋನ್ ನಂಬರ್ ಕೇಳಿದೆ. ಸರ್ ಫೋನ್ ಬಿಟ್ಟು ಭಾಳ ದಿನ ಆಯ್ತು, ಕಾಗದ ಬರಿ, ಉತ್ತರ ಬಂದ್ರ ನಿನ್ನ ನಸೀಬ ಅಂದರು.

ನೀವು ಕಾಲೇಜ್ ಬಿಟ್ಟ ದಿನ ನಾ ಎದುರಿನ ಸಾಲಿನಾಗ ಇದ್ದೆ ಸರ್. ಉತ್ತಮ ಉಪನ್ಯಾಸಕ ಅಂತ ನಿಮಗ ಶಾಲು ಹೊದಿಸಿದರು. ನೀವು ಅದನ್ನ ತೆಗೆದು ಪ್ರಿನ್ಸಿಪಾಲರ ಖಾಲಿ ಕುರ್ಚಿಗಿ ಹೊದಿಸಿ, ಮರ್ಯಾದಿ ಕುರ್ಚಿದು, ನಂದಲ್ಲ ಅಂತ ಹೇಳಿ ಇಳಿದು ಹೋದ್ರಿ. ನಾವೆಲ್ಲ ಎದ್ದು ನಿಂತು ಚಪ್ಪಾಳಿ ಹೊಡೆದ್ವಿ. ಅಷ್ಟು ಖರೇ ಮನುಷ್ಯನ್ನ ನಾ ಮತ್ತ ನೋಡಿಲ್ಲ. ಅದಕ್ಕೇ ಈ ಕಾಗದ.

ನನ್ನ ಲಗ್ನ ಗೊತ್ತಾಗೇದ. ಹುಡುಗನ ಹೆಸರು ಗೌರವ, ಭಾಲ್ಕಿ ತಾಲೂಕಿನ ಸಾಯಗಾಂವದವರು, ಅಲ್ಲೇ ದನದ ಡಾಕ್ಟರ್. ಅಪ್ಪ ಪಂಢರಿ, ಅವ್ವ ಗಿರಿಜಾಬಾಯಿ ಇಬ್ಬರಿಗೂ ಭಾಳ ಮನಸ್ಸಿಗಿ ಬಂದಾರ. ನನಗೂ ಬ್ಯಾಡ ಅನ್ನಲಿಕ್ಕ ಏನೂ ಕಾಣವಲ್ದು. ಎಲ್ಲಾ ಸರಳ ನಡದದ. ಹಂಗ ಸರಳ ನಡೆದದ್ದಕ್ಕೇ ಅಂಜಿಕಿ ಬರ್ತದ.

ನೀವು ಕಲಿಸಿದ ಆ ಪರದೇಶದ ಕಾದಂಬರಿ ನೆನಪಾಗ್ತದ. ಕೈಗಿ ಬಂದ ಸುಖಾನ ತಾನೇ ಹೊಸಕಿ ಹಾಕಿ, ನೋಡ್ರಿ ನಾ ಯಾರ ಆಳೂ ಅಲ್ಲ ಅನ್ನುವ ಮನುಷ್ಯನ ಕಥಿ. ಆ ಮನುಷ್ಯನ ಬದುಕಿನಿಂದ ಏನು ಕಲೀಬೇಕು ಅಂತ ನೀವು ಪ್ರಶ್ನೆ ಕೊಟ್ಟಿದ್ರಿ. ನಾ ಏನೇನೋ ಬರೆದೆ. ಈಗ ಖರೇನ ಕೇಳ್ತೇನಿ ಸರ್, ಏನು ಕಲೀಬೇಕ್ರಿ? ಸರಳ ಸಿಗುವ ಸುಖ ತಗೋಬೇಕೋ, ತಿರುವಿ ನೋಡಬೇಕೋ?

ನಿಮ್ಮ
ವಿಶಾಖಾ


ಕೊಳಾರ, ಬೀದರ
25 ಜೂನ್ 2023

ವಿಶಾಖಾ,

ನೆನಪು ಅದ. ನಾ ಹೇಳಿದ್ದೆಲ್ಲಾ ಬರಕೋತಿದ್ದಿ. ಕೆಮ್ಮಿದ್ರೂ ಬರಕೋತಿದ್ದಿ. ನಿನ್ನ ಅಕ್ಷರ ಈಗೂ ಮಾರ್ಕ್ ಬೇಡಲಿಕತ್ತಾವ.

ಮೊದಲು ಚಪ್ಪಾಳಿಯ ಮಾತು. ನೀವು ತತ್ವಕ್ಕ ಹೊಡೆದದ್ದು ಅದು. ಅಲ್ಲಿ ತತ್ವ ಇರಲಿಲ್ಲ. ಶಾಲು ಹೊದ್ದು ತಲಿ ಎತ್ತಿದಾಗ ಎದುರಿನವರ ಕಣ್ಣಾಗ ಪ್ರೀತಿ ಕಂಡಿತು. ಎಲ್ಲಾರೂ ಕೂಡಿ ನನ್ನನ್ನ ಪ್ರೀತಿ ಮಾಡಲಿಕತ್ತಿದ್ದರು. ಮೈಮ್ಯಾಲ ಹಸಿ ಅರಿವಿ ಹಾಕಿದಂಗ ಆಯ್ತು. ಕಿತ್ತು ತೆಗೆದೆ. ನೌಕರಿನೂ ಅದರ ಜೋಡಿ ಹೋಯ್ತು. ಈಗ ಇಲ್ಲಿ ಒಂದು ಗೋದಾಮಿನ ಗೇಟಿನಾಗ ಕೂತು ಲಾರಿ ನಂಬರ್ ಬರಕೋತೇನಿ. ಲಾರಿಗಳು ನನ್ನ ಪ್ರೀತಿ ಮಾಡೂದಿಲ್ಲ.

ಖೋಲಿ ಕೊಟ್ಟಾಕಿ ಶಾಕಿರಾ ಬೇಗಂ ಅಂತ ಒಬ್ಬಾಕಿ ಮುದುಕಿ. ದಿನಾ ಮುಂಜಾನಿ ಕೇಳದೇ ಚಾ ತಂದು ಇಡ್ತಾಳ. ಆಕಿ ನೋಡುವಂಗ ನಾ ಅದನ್ನ ಮೋರಿಗಿ ಚೆಲ್ತೇನಿ. ಮರುದಿನ ಮತ್ತ ತರ್ತಾಳ. ಯಾಕ ತರ್ತೀರಿ ಅಂತ ಕೇಳಿದೆ. ಚೆಲ್ಲಿದ್ರೂ ಕಪ್ಪು ತೊಳದು ಕೊಡ್ತೀಯಲ್ಲಪ್ಪಾ ಅಂದಳು. ಮರುದಿನದಿಂದ ತೊಳೆಯೂದು ಬಿಟ್ಟೆ.

ನಿನ್ನ ಪ್ರಶ್ನೆಗಿ ಬರ್ತೇನಿ. ಆ ದನದ ಡಾಕ್ಟರ್ ನಿನ್ನ ಮ್ಯಾಲ ಎಂದಾದರೂ ಸಿಟ್ಟಾಗ್ಯಾನೇನು? ಆಗಿಲ್ಲ ಅಂದ್ರ ಎರಡೇ ಕಾರಣ ಇರ್ತಾವ. ಒಂದು, ಅಂವಗ ನೀ ಲೆಕ್ಕಕ್ಕಿಲ್ಲ. ಇನ್ನೊಂದು, ಅಂವ ಅಂಜುಬುರುಕ. ಒಳ್ಳೆಯವರು ಅಂತ ನಾವು ಅನ್ನೂದು ಹೆಚ್ಚಾಗಿ ಎರಡನೇ ನಮೂನಿಯವರಿಗೇ. ನೋಡು, ನೋಡಿ ಬರಿ.

ಸತೀಶ


ಠಾಣಾ ಕುಶನೂರ
23 ಜುಲೈ 2023

ಸರ್,

ನಿಮ್ಮ ಕಾಗದ ಬಂದ ದಿನ ಸಾಲಿ ಬಿಟ್ಟ ಮ್ಯಾಲೂ ಸ್ಟಾಫ್ ರೂಮಿನಾಗ ಕೂತು ಓದಿದೆ. ಸಿಟ್ಟು ಬಂತು, ಆಮ್ಯಾಲ ನೀವು ನನಗ ಹುಸಿ ಮಾತು ಹೇಳಲಿಲ್ಲ ಅಂತ ಸಮಾಧಾನ ಆಯ್ತು. ಶಾಕಿರಾ ಬೇಗಂ ಅವರ ಚಾ ಚೆಲ್ಲಬ್ಯಾಡ್ರಿ. ಇಷ್ಟು ಹೇಳೂ ಹಕ್ಕು ನನಗ ಇಲ್ಲ, ಆದ್ರೂ ಹೇಳ್ತೇನಿ.

ಗೌರವ ಅವರು ಸಿಟ್ಟಾಗಿದ್ದು ನಾ ನೋಡಿಲ್ಲ. ಹೋದ ತಿಂಗಳು ಭಾಲ್ಕಿ ಬಸ್ ಸ್ಟ್ಯಾಂಡಿನಾಗ ನನಗಾಗಿ ಅರ್ಧಾ ದಿನ ಕಾದಿದ್ದರು, ನಾ ಬಸ್ ತಪ್ಪಿಸಿಕೊಂಡಿದ್ದೆ. ನಾ ಇಳಿದಾಗ ಬೇವಿನ ಗಿಡದ ಕೆಳಗ ಕೂತು ಯಾರದೋ ಆಡಿನ ಕಾಲು ನೋಡಲಿಕತ್ತಿದ್ದರು. ತಡಾ ಯಾಕಾಯ್ತು ಅಂತ ಕೇಳಲಿಲ್ಲ. ಹಸಿವಾಗೇದೇನು ಅಂತ ಕೇಳಿದರು. ಆವತ್ತು ಅದು ನನಗ ಭಾಳ ಚಂದ ಅನಿಸಿತ್ತು.

ಈಗ ಅದನ್ನೇ ನೆನಿಸಿದ್ರ ಬ್ಯಾರೆ ಕಾಣಸ್ತದ. ನೀವು ಹೇಳಿದ ಮ್ಯಾಲ ನಾ ಅವರನ್ನ ನೋಡೂ ರೀತಿನೇ ತಿರುಗಿಬಿಟ್ಟದ. ನಾ ಬೇಕಂತ ಅವರ ಫೋನ್ ಎತ್ತಲಿಲ್ಲ. ಏನೂ ಅನ್ನಲಿಲ್ಲ. ನಿಮ್ಮ ಅಂಗಿ ಚಂದಿಲ್ಲ, ಕಂಪೌಂಡರ್ ಕಂಡಂಗ ಕಾಣಸ್ತೀರಿ ಅಂದೆ. ನಕ್ಕರು. ಮುಂದಿನ ಸಲ ಬ್ಯಾರೆ ಅಂಗಿ ಹಾಕ್ಕೊಂಡು ಬಂದರು. ಆ ಹೊಸಾ ಅಂಗಿ ನೋಡಿ ನನಗ ತಡಿಲಾರದಷ್ಟು ಸಿಟ್ಟು ಬಂತು ಸರ್. ಯಾಕ ಅಂತ ತಿಳೀವಲ್ದು. ನಿಮಗ ತಿಳೀತದ ಅಂತ ಬರೀಲಿಕತ್ತೇನಿ.

ವಿಶಾಖಾ


ಕೊಳಾರ
6 ಆಗಸ್ಟ್ 2023

ವಿಶಾಖಾ,

ತಿಳೀತದ. ನೀ ಗೋಡಿಗಿ ಹೊಡೀಲಿಕತ್ತೀದಿ, ಅದು ಅರಿವಿಯ ಪರದೆ ಹಂಗ ಒಳಗ ಹೋಗ್ತದ. ಹೊಡೆದವರ ಕೈಗಿ ಏನೂ ತಾಗದಿದ್ರ ಸಿಟ್ಟೇ ಬರ್ತದ.

ಅಂಗಿ, ಫೋನ್, ಇವೆಲ್ಲಾ ಹುಡುಗಾಟ. ಅಂವನ್ನ ಖರೇನ ನೋಡಬೇಕಂದ್ರ ಜೀವಕ್ಕ ತಾಗೂವಂಗ ಹೊಡಿ. ನನ್ನ ಮನಸ್ಸಿನಾಗ ಬ್ಯಾರೆ ಒಬ್ಬರು ಇದ್ದರು, ಪೂರಾ ಹೋಗಿಲ್ಲ, ಅಂತ ಹೇಳು. ಹೆಸರು ಹೇಳಬ್ಯಾಡ. ಹೇಳಿ ಸುಮ್ಮನ ಮುಖ ನೋಡು. ಮನುಷ್ಯ ಅಂಬೂದು ಒಳಗ ಇದ್ದರ ಆವತ್ತು ಹೊರಗ ಬರ್ತದ. ಬರದಿದ್ದರ ನೀ ಲಗ್ನ ಆಗೂದು ಒಂದು ಅಂಗಿ ಜೋಡಿ.

ಇದು ಕ್ರೂರ ಅನಸ್ತದೇನು? ಅನಿಸಿದ್ರ ಮಾಡಬ್ಯಾಡ. ಕಾಗದ ಹರಿದು ಒಗಿ, ಲಗ್ನ ಮಾಡ್ಕೊ, ಅಡಗಿ ಮಾಡು. ನಾಕು ಮಂದಿ ಹ್ಯಾಂಗ ಇರ್ತಾರ ಹಂಗ ಇರು. ನನಗ ಬರೀಲಿಕ್ಕ ಬರಬ್ಯಾಡ.

ಸತೀಶ


ಠಾಣಾ ಕುಶನೂರ
3 ಸೆಪ್ಟೆಂಬರ್ 2023

ಸರ್,

ಹೇಳಿದೆ.

ಭಾಲ್ಕಿದಾಗ ಬಸ್ ಸ್ಟ್ಯಾಂಡ್ ಎದುರಿನ ಖಾನಾವಳಿದಾಗ ಕೂತಿದ್ದೆವು. ಊಟ ಬಂದಿತ್ತು. ನೀವು ಬರೆದಂಗ ಹೇಳಿ ಮುಖ ನೋಡಿದೆ. ಅವರ ಕೈಯಾಗಿನ ರೊಟ್ಟಿ ಹಂಗೇ ನಿಂತಿತು. ಮುಖ ಬೆಳ್ಳಗಾಯ್ತು. ನನಗ ಆ ಗಳಿಗಿಯೊಳಗ ಒಂದು ನಮೂನಿ ಖುಷಿ ಆಯ್ತು ಸರ್, ಸುಳ್ಳು ಹೇಳಂಗಿಲ್ಲ. ತಾಗಿತು ಅಂತ.

ಆಮ್ಯಾಲ ಅವರು ನೀರು ಕುಡಿದು ಅಂದರು: "ನಿಮ್ಮ ಮನಸ್ಸು ಏನೂ ಬರೀದ ಕೋರಾ ಹಾಳಿ ಅಂತ ನಾ ತಿಳಿದಿರಲಿಲ್ರಿ. ಅವರು ಇರಲಿ. ಹೋಗೂದಾದ್ರ ತಾನೇ ಹೋಗ್ತಾರ. ನನಗ ಜಾಗಾ ಕೊಡೂ ಮನಸ್ಸು ಅದನೋ ಇಲ್ಲೋ, ಅಷ್ಟು ಹೇಳ್ರಿ."

ನಾ ಅಳಲಿಕ್ಕ ಹತ್ತಿದೆ. ಖಾನಾವಳಿ ಮಂದಿ ನೋಡಲಿಕತ್ತಿದ್ದರು. ಅವರು ಎದ್ದು, ಮಂದಿಗಿ ನಾ ಕಾಣದಂಗ ತಮ್ಮ ಕುರ್ಚಿ ಸರಿಸಿ ಕೂತರು. ಮನಸ್ಸು ಅದ ಅಂದೆ.

ಸರ್, ಅಂಜಿಕಿ ಇರಲಿಲ್ಲ ಅದು. ನೋವಾಗಿತ್ತು, ನೋವು ತೋರಿಸಿದರು, ಆದ್ರೂ ಎದ್ದು ಹೋಗಲಿಲ್ಲ. ನೀವು ಹೇಳದಿದ್ರ ನನಗ ಇದು ಎಂದೂ ಗೊತ್ತಾಗ್ತಿರಲಿಲ್ಲ. ಅದಕ್ಕ ನಿಮಗ ಶರಣು. ಡಿಸೆಂಬರ್ ಮೊದಲನೇ ವಾರ ಔರಾದಿನ ಬುದ್ಧ ವಿಹಾರದಾಗ ಲಗ್ನ. ನೀವು ಬರಬೇಕು. ಆ ಒಬ್ಬರು ಯಾರು ಅಂತ ಅವರೂ ಕೇಳಲಿಲ್ಲ, ನೀವೂ ಕೇಳಲಿಲ್ಲ. ಛಲೋ ಆಯ್ತು.

ನಿಮ್ಮ
ವಿಶಾಖಾ


ಕೊಳಾರ
18 ಸೆಪ್ಟೆಂಬರ್ 2023

ಪ್ರೀತಿಯ ವಿಶಾಖಾ,

ನಿನ್ನ ಕಾಗದ ಓದಿ ಭಾಳ ಸಂತೋಷ ಆಯ್ತು. ನಾ ಸೋತೆ, ನೀ ಗೆದ್ದಿ. ಗೌರವ ಛಲೋ ಮನುಷ್ಯ. ನಿನ್ನೆ ಸೂಟಿ ಇತ್ತು, ಬಸ್ ಹತ್ತಿ ಜರಾ ಹಳ್ಳಿ ಕಡೆ ಹೋಗಿ ಬಂದೆ. ಸೋಯಾಬೀನ್ ಹಳದಿ ಆಗಿ ನಿಂತಾವ, ಕಣ್ಣಿಗಿ ತಂಪಾಯ್ತು. ಇಬ್ಬರೂ ಸುಖವಾಗಿರ್ರಿ.

ಸತೀಶ


ಔರಾದ
29 ಅಕ್ಟೋಬರ್ 2023

ಸರ್,

ನಿಮ್ಮ ಹೋದ ಕಾಗದ ಓದಿ ಕಣ್ಣಾಗ ನೀರು ಬಂದಿದ್ದವು. ನೀವು ಅಷ್ಟು ಮೆತ್ತಗ ಬರೀತೀರಿ ಅಂತ ಗೊತ್ತಿರಲಿಲ್ಲ. ಆದ್ರ ಸೋತಾಕಿ ನಾನು.

ಗೌರವ ಅವರ ಫೋನ್ ಒಮ್ಮಿಂದೊಮ್ಮೆ ನಿಂತಿತು. ನಾ ಮಾಡಿದ್ರ, ಕೆಲಸದಾಗ ಇದ್ದೇನಿ ಅಂತ ಇಡ್ತಿದ್ದರು. ಆಮ್ಯಾಲ ಎತ್ತೂದೇ ಬಿಟ್ಟರು. ದಸರಾ ಮುಂಚೆ ಅವರ ಮನಿಯವರು ಅಪ್ಪಗ ಹೇಳಿ ಕಳಿಸಿದರು, ಈ ಸಂಬಂಧ ಬ್ಯಾಡ, ಹುಡುಗನೇ ಒಲ್ಲೆ ಅಂತಾನ, ಹುಡುಗಿಯದು ಏನೂ ತಪ್ಪಿಲ್ಲ. ಕಾರಣ ಹೇಳಲಿಲ್ಲ. ಅಪ್ಪ ಸಾಯಗಾಂವಕ್ಕ ಹೋಗಿ ಅವರ ಅಂಗಳದಾಗ ಕೂತು ಬಂದ. ಗೌರವ ಅವರು ಕೈ ಮುಗಿದು ನಿಂತರಂತ, ಬಾಯಿ ಬಿಡಲಿಲ್ಲಂತ.

ಅವ್ವ ಹಾಸಿಗಿ ಹಿಡಿದಾಳ. ಓಣಿಯವರು ಮಾತಾಡ್ಸೂ ನೆವದಾಗ ಬಂದು ನನ್ನ ಹೊಟ್ಟಿ ನೋಡಿ ಹೋಗ್ತಾರ. ಕಾರಣ ಹೇಳದೇ ಬಿಟ್ಟ ಹುಡುಗಿಗಿ ಕಾರಣ ಮಂದಿ ಹುಡುಕ್ತಾರ ಸರ್. ಸಾಲಿಗಿ ಸೂಟಿ ಹಾಕಿ ಇಲ್ಲೇ ಇದ್ದೇನಿ.

ನೀವು ಹೇಳಿದ್ದೇ ಖರೇ ಆಯ್ತು. ಖಾನಾವಳಿದಾಗ ಅಷ್ಟು ಧೈರ್ಯದ ಮಾತು ಆಡಿದವರು ಮನಿಗಿ ಹೋಗಿ ವಿಚಾರ ಮಾಡಿ ಅಂಜಿಬಿಟ್ಟರು. ಅಂಜಿಕಿ ತಡಾ ಮಾಡಿ ಬಂತು, ಅಷ್ಟೇ. ಇಡೀ ದುನಿಯಾದಾಗ ನನಗ ಖರೇ ಹೇಳಿದವರು ನೀವೊಬ್ಬರೇ. ನಿಮಗ ಒಂದು ಮಾತು ಹೇಳೂದು ಅದ, ಕಾಗದದಾಗ ಬರೀಲಿಕ್ಕ ಬರೂದಿಲ್ಲ. ಬರೂ ಭಾನುವಾರ ಬೀದರಕ್ಕ ಬರ್ತೇನಿ. ಬ್ಯಾಡ ಅನ್ನಬ್ಯಾಡ್ರಿ.

ನಿಮ್ಮ
ವಿಶಾಖಾ


ಕೊಳಾರ
9 ನವೆಂಬರ್ 2023

ವಿಶಾಖಾ,

ನೀ ಬಂದು ಹೋದಿ. ಅರ್ಧಾ ತಿಳಕೊಂಡು ಹೋಗೀದಿ. ಉಳಿದ ಅರ್ಧಾ ಕೊಡಬೇಕಲ್ಲ, ಅದಕ್ಕ ಬರೀಲಿಕತ್ತೇನಿ.

ಹಸರು ಸೀರಿ ಉಟ್ಟಿದ್ದಿ. ಡಬ್ಬಿದಾಗ ರೊಟ್ಟಿ, ಪುಂಡಿಪಲ್ಯ ತಂದಿದ್ದಿ. ನೆಲ ನೋಡ್ಕೋತ, ಗೌರವ ಅವರಿಗಿ ಹೇಳಿದ ಆ ಒಬ್ಬರು ನೀವೇ ಸರ್ ಅಂದಿ. ನಾ ಬಾಗಿಲಕ್ಕ ಹೋಗಿ ಶಾಕಿರಾ ಬೇಗಂಗ ಕರೆದೆ. ಈಗ ಅಂದದ್ದು ಮತ್ತೊಮ್ಮೆ ಅನ್ನು, ಅಮ್ಮನೂ ಕೇಳಲಿ ಅಂದೆ. ನೀ ಅನ್ನಲಿಲ್ಲ. ನಾನೇ ನಿನ್ನ ದನಿ ತೆಗೆದು, ನಿನ್ನಂಗೇ ನೆಲ ನೋಡ್ಕೋತ ಅಂದು ತೋರಿಸಿದೆ. ಮುದುಕಿ ನಗಲಿಲ್ಲ. ನಿನ್ನ ರಟ್ಟಿ ಹಿಡಿದು ತನ್ನ ಮನಿಗಿ ಕರಕೊಂಡು ಹೋದಳು, ಬಸ್ ಹತ್ತಿಸಿ ಬಂದಳು. ಆವತ್ತಿನಿಂದ ನನ್ನ ಜೋಡಿ ಮಾತಾಡಿಲ್ಲ. ಚಾ ಮಾತ್ರ ತಂದು ಇಡ್ತಾಳ. ನಿನ್ನ ರೊಟ್ಟಿ ಆಮ್ಯಾಲ ತಿಂದೆ. ಛಲೋ ಇದ್ದವು.

ಇನ್ನು ಉಳಿದ ಅರ್ಧಾ. ಸೆಪ್ಟೆಂಬರದಾಗ ನಿನ್ನ ಖುಷಿಯ ಕಾಗದ ಬಂತಲ್ಲ, ಆಮ್ಯಾಲ ಹಳ್ಳಿ ಕಡೆ ಹೋಗಿದ್ದೆ ಅಂತ ಬರೆದಿದ್ದೆ. ಆ ಹಳ್ಳಿ ಸಾಯಗಾಂವ. ನಿನ್ನ ಡಾಕ್ಟರ್ ಯಾರದೋ ಕೊಟ್ಟಿಗಿದಾಗ ಎಮ್ಮಿ ನೋಡಿ ಕೈ ತೊಳಕೋಳಿಕತ್ತಿದ್ದ. ಆಕಿ ಹೇಳಿದ ಆ ಒಬ್ಬ ನಾನೇ, ಈಗೂ ನಾನೇ ಅಂದೆ. ನಾನೇ ಹೌದೋ ಅಲ್ಲೋ ಆವಾಗ ನನಗ ಗೊತ್ತಿರಲಿಲ್ಲ. ಅಂದಾಜು ಇತ್ತು.

ಬಡೀತಾನ ಅಂತ ಕಾದೆ. ಬಡೀಲಿ ಅಂತಲೇ ಹೋಗಿದ್ದೆ. ಬಡೀಲಿಲ್ಲ. ಟವೆಲ್ ತಗೊಂಡು ಒಂದೊಂದೇ ಬೆರಳು ಒರಸ್ಕೊಂಡ. "ನಿಮ್ಮ ಜೋಡಿ ಅವರು ಸುಖದಾಗ ಇರ್ತಾರೇನ್ರಿ?" ಅಂತ ಕೇಳಿದ. ಇರ್ತಾಳ ಅಂದೆ. "ಹಂಗಾದ್ರ ಅವರ ಹೆಸರು ಕೆಡಬಾರದು. ಒಲ್ಲೆ ಅಂದದ್ದು ನಾನೇ ಅಂತ ಹೇಳ್ತೇನಿ" ಅಂದ. ಬಸ್ಸಿನ ತನಕ ಬೈಕಿನ ಮ್ಯಾಲ ಬಿಟ್ಟು ಹೋದ. ಅಂಜುಬುರುಕ ಅಂತ ನೀ ನನಗ ಬರೆದದ್ದು ಈ ಮನುಷ್ಯಗ.

ಯಾಕ ಮಾಡಿದೆ ಅಂತ ಕೇಳ್ತೀ. ನಿನ್ನ ಆಸಿ ನನಗ ಇರಲಿಲ್ಲ, ಈಗೂ ಇಲ್ಲ. ನಿನ್ನ ಕೈಯಾಗ ನಾ ಚಾಕು ಕೊಟ್ಟಿದ್ದೆ. ನೀ ಅದರಿಂದ ಹಣ್ಣು ಹೆಚ್ಚಿ ಅಂವಗ ತಿನಿಸಿದಿ, ಶರಣು ಅಂತ ನನಗೂ ಒಂದು ಹೋಳು ಕಳಿಸಿದಿ. ಅದು ನನಗ ಸಹಿಸಲಿಕ್ಕ ಆಗಲಿಲ್ಲ. ಇಷ್ಟೇ ಕಾರಣ. ದೊಡ್ಡದು ಹುಡುಕಬ್ಯಾಡ.

ಸತೀಶ


ಕೊಳಾರ
10 ಡಿಸೆಂಬರ್ 2023

ವಿಶಾಖಾ,

ಒಂದು ತಿಂಗಳಾಯ್ತು. ಉತ್ತರ ಇಲ್ಲ. ದಿನಾ ಪೋಸ್ಟಿನವನ ಸೈಕಲ್ ನೋಡ್ತೇನಿ. ಬೈದಾದ್ರೂ ಬರೀತಿ ಅಂತ ತಿಳಿದಿದ್ದೆ. ನಿನ್ನ ಲಗ್ನ ಆಗಬೇಕಿದ್ದ ವಾರ ಹೋದ ವಾರವೇ ಅಲ್ಲ? ಔರಾದಿನ ವಿಹಾರದಾಗ ಆವತ್ತು ಯಾರದರ ಲಗ್ನ ಆಯ್ತೋ, ಖಾಲಿ ಇತ್ತೋ?

ಗೋದಾಮಿನಾಗ ಮೊಳಿ ತುಳಿದೀನಿ. ಎಡಗಾಲಿನ ಹೆಬ್ಬೆರಳಿನ ಬಾಜೂಕ. ನನಗ ಸಕ್ಕರೆ ಕಾಯಿಲೆ ಅದ, ನಿನಗ ಹೇಳಿರಲಿಲ್ಲ. ಗಾಯ ಒಣಗವಲ್ದು. ಶಾಕಿರಾ ಬೇಗಂ ಮಾತಾಡದೇ ಬಂದು ಅರಿಶಿಣ ಕಟ್ಟಿ ಹೋಗ್ತಾಳ. ಆಕಿ ಹೋದ ಮ್ಯಾಲ ಬಿಚ್ಚಿ ಒಗೀತೇನಿ.

ಬೈ. ಒಂದು ಸಾಲು ಬರಿ. ಸಾಕು.

ಸತೀಶ


ಕೊಳಾರ
21 ಜನವರಿ 2024

ವಿಶಾಖಾ,

ಬೆರಳು ಕರ್ರಗಾಗೇದ. ವಾಸನಿ ಬರ್ತದ ಅಂತ ಗೇಟಿನಿಂದ ತೆಗೆದು ಹಾಕಿದರು. ಡಾಕ್ಟರ್ ಹತ್ರ ಹೋಗು ಅಂತ ಎಲ್ಲಾರೂ ಹೇಳ್ತಾರ. ಎಲ್ಲಾರೂ ಹೇಳೂದ್ರಿಂದಲೇ ಹೋಗೂದಿಲ್ಲ. ಇದೊಂದು ಕಾಲು ನಂದು. ಇದರ ಸಲುವಾಗಿ ಯಾರೂ ಚಪ್ಪಾಳಿ ಹೊಡೆಯೂದಿಲ್ಲ, ಯಾರೂ ಶಾಲು ಹೊದಿಸೂದಿಲ್ಲ. ಕೊಳೆಸ್ತೇನಿ, ನನ್ನ ಖುಷಿ.

ನೀ ಬಂದು, ದವಾಖಾನಿಗಿ ಹೋಗು ಅಂದ್ರ ಹೋಗಬಹುದೇನೋ. ನೋಡು, ಬರೀಬಾರದಿತ್ತು, ಬರೆದೆ. ಹೊಡೆದು ಹಾಕೂದಿಲ್ಲ, ಓದು, ನಗು.

ಸತೀಶ


ಠಾಣಾ ಕುಶನೂರ
5 ಫೆಬ್ರವರಿ 2024

ಸತೀಶಕುಮಾರ ಅವರಿಗಿ,

ನಿಮ್ಮ ನವೆಂಬರ್ ಕಾಗದ ತಗೊಂಡು ನಾ ಸಾಯಗಾಂವಕ್ಕ ಹೋಗಿದ್ದೆ. ಗೌರವ ಅವರ ಕೈಯಾಗ ಕೊಟ್ಟೆ. ಅಂಗಳದಾಗ ನಿಂತು ಪೂರಾ ಓದಿದರು. ಮಡಚಿ ತಿರುಗಿ ಕೊಟ್ಟರು. ಇನ್ನ ಎಲ್ಲಾ ಸರಿ ಆಗ್ತದ ಅಂತ ನಾ ತಿಳಿದಿದ್ದೆ.

ಅವರು ಅಂದರು: "ಅವರು ಸುಳ್ಳು ಹೇಳಿದ್ದು ಅವರದು. ಖಾನಾವಳಿದಾಗ ನನ್ನ ಎದುರು ಕೂತು ಮುಖ ನೋಡಿದ್ದು ನಿಮ್ಮದು. ಅದು ಪರೀಕ್ಷಾ ಅಂತ ಇವತ್ತ ತಿಳೀತು. ನಾ ಮೂಕ ಪ್ರಾಣಿ ಜೋಡಿ ಇರಾವ. ನೋವು ಎಲ್ಲಿ ಅದ ಅಂತ ಮುಟ್ಟಿ ನೋಡ್ತೇನಿ. ಚುಚ್ಚಿ ನೋಡೂದಿಲ್ರಿ."

ಅವರು ಒಳಗ ಹೋಗಿ ನೀರು ತಂದು ಕೊಟ್ಟರು. ಕುಡಿದು ಬಂದೆ. ಬರೂ ಬ್ಯಾಸಿಗಿದಾಗ ಅವರ ಲಗ್ನ ಅದ, ಹುಮನಾಬಾದಿನ ಹುಡುಗಿ. ಬಸ್ಸಿನಾಗ ಕೂತು ನಿಮಗ ಬೈಯೂ ಮಾತು ಹುಡುಕಿದೆ. ಒಂದೂ ಸಿಗಲಿಲ್ಲ. ನಿಮಗ ಬೈಯಬೇಕಂದ್ರ ನನ್ನನ್ನ ಬಿಟ್ಟು ಬೈಯಬೇಕಾಗ್ತದ, ಅದು ಆಗಂಗಿಲ್ಲ.

ನಿನ್ನೆ ಶಾಕಿರಾ ಬೇಗಂ ಅವರು ಫೋನ್ ಮಾಡಿದ್ದರು. ಆವತ್ತು ಬಸ್ ಹತ್ತಿಸುವಾಗ ನನ್ನ ನಂಬರ್ ತಗೊಂಡಿದ್ದರು. ನಿನ್ನ ಸರ್ ಮೈ ಕಾದದ, ಒಳಗಿಂದ ಕೊಂಡಿ ಹಾಕ್ಕೊಂಡು ಮಲಗ್ಯಾರ, ಯಾರ ಮಾತೂ ಕೇಳವಲ್ಲರು, ಬೇಟಿ, ನೀ ಒಂದು ಮಾತು ಅಂದ್ರ ದವಾಖಾನಿಗಿ ಹೋಗ್ತಾರ ಅಂದರು. ಅವರು ಅಳಲಿಕತ್ತಿದ್ದರು. ನಾ ಬಂದ್ರ ನೀವು ಹೋಗ್ತೀರಿ ಅಂತ ನನಗೂ ಅನಸ್ತದ. ನೀವೂ ಅದನ್ನೇ ಬರೆದೀರಿ.

ಅದಕ್ಕೇ ನಾ ಬರೂದಿಲ್ಲ. ಕಾಲು ನಿಮ್ಮದು, ಖುಷಿ ನಿಮ್ಮದು. ಕೊಳೆಸ್ರಿ.

ವಿಶಾಖಾ


ಬೀದರ, ದವಾಖಾನಿ
3 ಮಾರ್ಚ್ 2024

ವಿಶಾಖಾ,

ನಿನ್ನ ಕಾಗದ ಬಾಗಿಲ ಕೆಳಗಿಂದ ಒಳಗ ಬಂತು. ಮಲಗಿದಲ್ಲೇ ಓದಿದೆ. ಕೊಳೆಸ್ರಿ ಅಂಬೂ ಮಾತಿಗಿ ಬಂದಾಗ ನಗು ಬಂತು. ನಕ್ಕದ್ದು ನೆನಪದ. ಆಮ್ಯಾಲಿಂದು ನೆನಪಿಲ್ಲ. ಶಾಕಿರಾ ಬೇಗಂ ಗೋದಾಮಿನ ಹಮಾಲರನ್ನ ಕರೆಸಿ ಬಾಗಿಲು ಮುರಿಸಿ ಇಲ್ಲಿಗಿ ತಂದಾಳಂತ. ಎಚ್ಚರಾದಾಗ ಎಡಗಾಲು ಮಂಡಿ ಕೆಳಗಿಂದ ಇರಲಿಲ್ಲ. ಯಾರು ಕೊಯ್ಯಲಿಕ್ಕ ಹೇಳಿದ್ರು ಅಂತ ಕೇಳಿದೆ. ಡಾಕ್ಟರ್ ಹೇಳಿದ್ರು ಅಂದಳು. ಅಷ್ಟೇ ಅಂದಳು.

ಹೋಗಲಿ. ಇದನ್ನ ಬರೀಲಿಕ್ಕ ಎದ್ದು ಕೂತದ್ದು ಬ್ಯಾರೆ ಕಾರಣಕ್ಕ. ಇಷ್ಟು ವರ್ಷ ಕಲಿಸಿದೆ, ಕಲಿತವರು ಒಬ್ಬರೂ ಇಲ್ಲ ಅಂತ ತಿಳಿದಿದ್ದೆ. ಆ ಕಾದಂಬರಿ ಮನುಷ್ಯನಿಂದ ಏನು ಕಲೀಬೇಕು ಅಂತ ಕೇಳಿದ್ದಿ. ನೀ ಕಲಿತಿ. ಒಬ್ಬ ಮನುಷ್ಯ ಸಾಯಲಿಕತ್ತಾನ, ಒಂದು ಮಾತಿಗಿ ಉಳೀತಾನ ಅಂತ ಗೊತ್ತಿದ್ದೂ ಆ ಮಾತು ಕೊಡಲಿಲ್ಲ. ನಾ ಇಲ್ಲದೇ, ನಿನ್ನಷ್ಟಕ್ಕ ನೀನೇ ಅಲ್ಲಿ ತನಕ ನಡೆದಿ. ನನ್ನ ವಿದ್ಯಾರ್ಥಿನಿ ಒಬ್ಬಾಕಿ ಪಾಸಾದಳು. ಈ ಖಾಟಿನ ಮ್ಯಾಲ ಮಲಗಿ ಇದನ್ನ ನೆನಿಸಿದ್ರ ಕಾಲು ಹೋದದ್ದು ಹಗುರ ಅನಸ್ತದ. ಇನ್ನ ನೀನೂ ನಾನೂ ಒಂದೇ ಜಾತಿ.

ಸತೀಶ


ಠಾಣಾ ಕುಶನೂರ
17 ಮಾರ್ಚ್ 2024

ಸತೀಶಕುಮಾರ ಅವರಿಗಿ,

ಇದು ನನ್ನ ಕಡೀ ಕಾಗದ. ಬರೀಬಾರದು ಅಂತಿದ್ದೆ. ನಿಮ್ಮದು ಓದಿದ ಮ್ಯಾಲ ಬರೀಬೇಕಾಯ್ತು.

ಬರೂದಿಲ್ಲ ಅಂತ ಬರೆದು ಪೋಸ್ಟಿನ ಡಬ್ಬಿಗಿ ಹಾಕಿ ನಾ ಸಾಲಿಗಿ ಹೋದೆ. ಮನಸ್ಸಿಗಿ ಭಾಳ ಹಗುರಾಗಿತ್ತು. ಎಂಟನೇ ಕ್ಲಾಸಿನ ಹುಡುಗಿ ಒಬ್ಬಾಕಿ, ಆಮ್ರಪಾಲಿ ಅಂತ, ಓಡಿ ಬಂದು ಅಕ್ಕನ ಲಗ್ನ ಗೊತ್ತಾಯ್ತು ಟೀಚರ್, ನಿಮಗ ಮೊದಲು ಹೇಳಲಿಕತ್ತೇನಿ ಅಂದಳು. ಕೈಯಾಗ ಪೇಢಾ ಇತ್ತು. ನಾ ಪೇಢಾ ತಗೊಂಡು, ಮುರೀತದ ನೋಡ್ತಿರು ಅಂದೆ. ಯಾವ ಸಿಟ್ಟೂ ಇಲ್ಲದೇ ಅಂದೆ. ಆ ಹುಡುಗಿ ನಗೂದೋ ಏನು ಮಾಡೂದೋ ತಿಳೀದೇ ನನ್ನ ಮುಖ ನೋಡ್ಕೋತ ನಿಂತಳು. ಆಕಿ ಮುಖ ಏನಾಗ್ತದ ಅಂತ ನಾನೂ ನೋಡ್ಕೋತ ನಿಂತಿದ್ದೆ.

ಆವತ್ತು ರಾತ್ರಿ ನಿದ್ದಿ ಬರಲಿಲ್ಲ. ಮರುದಿನ ಮುಂಜಾನಿ ಆಮ್ರಪಾಲಿ ಮನಿಗಿ ಹೋಗಿ ಅವರ ಅವ್ವನ ಎದುರು ತಪ್ಪಾಯ್ತು ಅಂದೆ. ಅವರು ಚಾ ಕೊಟ್ಟರು. ಹುಡುಗಿ ಮಾತ್ರ ಹೊರಗ ಬರಲಿಲ್ಲ. ಈಗೂ ಕ್ಲಾಸಿನಾಗ ನನ್ನ ಕಣ್ಣು ತಪ್ಪಿಸ್ತಾಳ.

ಅದಾಗಿ ನಾಕೈದು ದಿನಕ್ಕ ಶಾಕಿರಾ ಬೇಗಂ ಅವರು ದವಾಖಾನಿಯಿಂದ ಫೋನ್ ಮಾಡಿದರು. ಎಚ್ಚರಿಲ್ಲ, ವಿಷ ಮ್ಯಾಲ ಏರಲಿಕತ್ತದ, ಕಾಲು ತೆಗೀಬೇಕಂತ, ಮನಿಯವರು ಯಾರಾದ್ರೂ ಬರಬೇಕಂತ ಅಂದರು. ನಿಮ್ಮ ಅಣ್ಣಗ ಫೋನ್ ಹಚ್ಚಿದ್ದರಂತ. ನನಗೂ ಅಂವಗೂ ಸಂಬಂಧಿಲ್ಲ ಅಂತ ಇಟ್ಟರಂತ. ನಾ ಬಸ್ ಹತ್ತಿ ಬಂದೆ.

ಹೌದು, ಬಂದಿದ್ದೆ. ಮಧ್ಯಾಹ್ನಕ್ಕ ಬಂದೆ. ನಿಮ್ಮನ್ನ ನೋಡಿದೆ. ಬಾಯಿ ತೆರೆದಿತ್ತು. ನಿಮ್ಮ ಮ್ಯಾಲ ಕರುಣಾ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಪ್ರೀತಿ ಅಂತ ಒಂದು ಕಾಲಕ್ಕ ತಿಳಕೊಂಡಿದ್ದೆನಲ್ಲ, ಅದು ಯಾವ ಜಾಗದಾಗ ಇತ್ತು ಅಂತ ಹುಡುಕಿದೆ. ಜಾಗಾನೂ ಸಿಗಲಿಲ್ಲ. ಸಣ್ಣ ವಯಸ್ಸಿನ ಡಾಕ್ಟರ್ ಒಬ್ಬಾಕಿ ಬಂದು, ಎಷ್ಟು ಮ್ಯಾಲಿನ ತನಕ ತೆಗೀಬೇಕಾಗ್ತದೋ ಒಳಗ ಹೋದ ಮ್ಯಾಲೇ ತಿಳೀತದ, ಒಪ್ಪಿಗಿ ಅದೇನ್ರಿ ಅಂತ ಕೇಳಿದಳು. ಜೀವ ಉಳಿಯಲಿಕ್ಕ ಎಷ್ಟು ಬೇಕೋ ಅಷ್ಟು ತೆಗೀರಿ ಅಂದೆ. ಸಹಿ ಮಾಡಿದೆ.

ನಿಮಗ ಎಚ್ಚರಾಗೂ ಮುಂಚೆ ಹೋದೆ. ನಾ ಬಂದಿದ್ದು ಹೇಳಬ್ಯಾಡ್ರಿ ಅಂತ ಶಾಕಿರಾ ಅಮ್ಮಗ ಹೇಳಿದ್ದೆ, ಅವರು ಮಾತು ಉಳಿಸಿಕೊಂಡರು. ಅದು ನಿಮ್ಮ ಒಳ್ಳೆದಕ್ಕ ಅಲ್ಲ. ನಾ ಬಂದೆ ಅಂತ ತಿಳಿದ್ರ ನೀವು ಅದನ್ನೂ ತಿರುವಿ ನೋಡಿ ಏನರ ಒಂದು ಮಾಡ್ತಿದ್ರಿ. ಆದ್ರ ಪಾಸಾದಳು ಅಂತ ಬರೆದೀರಿ. ಒಂದೇ ಜಾತಿ ಅಂತ ಬರೆದೀರಿ. ಅದು ಹಂಗೇ ಇರಲಿಕ್ಕ ಬಿಡಲಿಕ್ಕ ನನಗ ಆಗಲಿಲ್ಲ. ನೀವು ನಿಮ್ಮದು ಅಂತ ಇಟ್ಟುಕೊಂಡಿದ್ದು ಆ ಒಂದು ಕಾಲು. ಅದನ್ನ ತೆಗೆಸಿದಾಕಿ ನಾನು.

ಶಾಕಿರಾ ಬೇಗಂ ಅವರು ನಿಮ್ಮನ್ನ ತಮ್ಮ ಮನಿಯ ಕೆಳಗಿನ ಖೋಲಿಗಿ ಕರಕೊಂಡು ಹೋಗ್ತೇನಿ ಅಂತಾರ. ಅವರಿಗಿ ಮಂಡಿ ನೋವು ಅದ, ಆದ್ರೂ ನಿಮ್ಮ ಪಟ್ಟಿ ತಾವೇ ಕಟ್ತಾರಂತ. ಬಿಚ್ಚಿ ಒಗೀರಿ ಅಥವಾ ಇಟ್ಕೊರಿ. ನನಗ ಬರೀಬ್ಯಾಡ್ರಿ. ಬಂದ್ರ ಒಡೆಯೂದಿಲ್ಲ.

ಆ ಸಹಿ ಮಾಡೂ ಕಾಗದದಾಗ ರೋಗಿಗಿ ನೀವು ಏನಾಗ್ಬೇಕು ಅಂತ ಒಂದು ಸಾಲು ಖಾಲಿ ಇತ್ತು. ಮೊದಲು ವಿದ್ಯಾರ್ಥಿನಿ ಅಂತ ಬರೆದೆ. ಹೊಡೆದು ಹಾಕಿದೆ. ಏನೂ ಅಲ್ಲ ಅಂತ ಬರೀಲೇನು ಅಂತ ಕೇಳಿದ್ರ, ಹಂಗ ಬರೆದ್ರ ನಡೆಯಂಗಿಲ್ಲ ಅಂದಳು ನರ್ಸ್. ಪರಿಚಯದವರು ಅಂತ ಬರೆದು ಕೊಟ್ಟೆ.

ವಿಶಾಖಾ